ಹಳೆ ಟೈರು ಕತ್ತರಿಸಲು ಜಿಗ್ಸಾ: ಎರಡು ವರ್ಷ ಬಳಸಿದ ಮೇಲೆ

ನಾನು ಈ ಜಿಗ್ಸಾ, ಅಂದರೆ ಸಣ್ಣ ಬ್ಲೇಡು ಮೇಲೆ-ಕೆಳಗೆ ಆಡುವ ಕರೆಂಟಿನ ಗರಗಸ, ಕೊಂಡಿದ್ದೇ ಹಳೆ ಟೈರು ಕೊಯ್ಯಲು. ಎರಡು ವರ್ಷದಲ್ಲಿ ಹದಿನೇಳು ಟೈರು ಮುಗಿದಿವೆ. ಹೆಚ್ಚಿನವು ಹೂಕುಂಡಗಳಾದವು, ಎರಡು ಕೂರುವ ಪೀಠಗಳಾದವು. 650 ವಾಟಿನ ಮೆಷಿನ್ನು, ವೇಗ ತಗ್ಗಿಸುವ ಡಯಲ್ ಇದೆ. ಶಕ್ತಿಯ ಬಗ್ಗೆ ದೂರಿಲ್ಲ. ಡಬ್ಬದ ಮೇಲೆ ‘ರಬ್ಬರ್ ಕೂಡ ಕತ್ತರಿಸುತ್ತದೆ’ ಅಂತ ಇತ್ತು. ಟೈರು ಅಂದರೆ ಬರೀ ರಬ್ಬರ್ ಅಂದುಕೊಂಡಿದ್ದು ಮಾತ್ರ ನನ್ನ ತಪ್ಪು.

ಮೊದಲ ಟೈರಿಗೆ ರಿಮ್ಮಿನ ಕಡೆಯ ಅಂಚಿನಿಂದಲೇ ಬ್ಲೇಡ್ ಇಟ್ಟೆ. ಕಿರ್ರ್ ಅಂದಿತು, ಹಲ್ಲು ಹೋಯಿತು, ಬ್ಲೇಡು ಮುರಿದು ಕನ್ನಡಕಕ್ಕೆ ಬಡಿಯಿತು. ಕನ್ನಡಕ ಹಾಕದಿದ್ದರೆ ಏನಾಗುತ್ತಿತ್ತೋ! ಆ ಅಂಚಿನ ಒಳಗೆ ಗಟ್ಟಿ ಉಕ್ಕಿನ ತಂತಿಗಳ ಕಟ್ಟು ಇರುತ್ತದೆ. ರೇಡಿಯಲ್ (ಈಗಿನ ಕಾರುಗಳಲ್ಲಿ ಸಾಮಾನ್ಯವಾದ ಬಗೆ) ಟೈರಾದರೆ ರಸ್ತೆಗೆ ತಾಗುವ ಭಾಗದ ಕೆಳಗೂ ಉಕ್ಕಿನ ತಂತಿಯ ಪದರಗಳಿರುತ್ತವೆ. ಕಾರಿನ ಟೈರಿನ ಸೈಡ್‌ವಾಲ್‌ನಲ್ಲಿ, ಅಂದರೆ ಪಕ್ಕದ ಗೋಡೆಯಲ್ಲಿ, ಸಾಮಾನ್ಯವಾಗಿ ಪಾಲಿಯೆಸ್ಟರ್‌ನಂಥ ನೂಲು ಮಾತ್ರ. ಜಿಗ್ಸಾಗೆ ಅಷ್ಟೇ ಜಾಗ. ಟೈರಿನ ಮೇಲೆ 185/65 ಆರ್ 15 ಅಂತಿದ್ದರೆ ಆ ‘ಆರ್’ ಅಂದರೆ ರೇಡಿಯಲ್. ಲಾರಿಯ ರೇಡಿಯಲ್ ಟೈರಿನ ಸೈಡ್‌ವಾಲ್‌ನಲ್ಲೂ ಉಕ್ಕು ಇರುತ್ತದೆ, ಅದನ್ನು ನಾನು ಮುಟ್ಟುವುದಿಲ್ಲ.

ಈಗ ಅಂಚು ಬಿಟ್ಟು ಸೈಡ್‌ವಾಲ್‌ನಲ್ಲಿ ಡ್ರಿಲ್‌ನಿಂದ ತೂತು ಹಾಕಿ ಶುರು ಮಾಡುತ್ತೇನೆ. ಡ್ರಿಲ್ ಹಿಡಿದಾಗ ಸಡಿಲ ಗ್ಲೌಸ್ ಬೇಡ, ಸುತ್ತಿಕೊಂಡು ಕೈಯನ್ನೇ ಎಳೆಯುತ್ತದೆ. ಟೈರನ್ನು ಮೇಜಿಗೆ ಎರಡು ಕಡೆ ಕ್ಲಾಂಪ್ ಮಾಡಲೇಬೇಕು. ಇಲ್ಲದಿದ್ದರೆ ಬ್ಲೇಡಿನ ಜೊತೆ ಟೈರೂ ಕುಣಿಯುತ್ತದೆ, ಕೊಯ್ಯುವುದೇ ಇಲ್ಲ. ಬ್ಲೇಡು ಮುಂದೆ-ಹಿಂದೆ ತೂಗುವ ಸೆಟ್ಟಿಂಗ್ ಸೊನ್ನೆಯಲ್ಲಿರಲಿ, ವೇಗ ಕಡಿಮೆ ಇರಲಿ. ಸುಟ್ಟ ವಾಸನೆ ಬಂತೋ, ನಿಲ್ಲಿಸಿ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ಅದಕ್ಕೆ ಹಿಂದಿನಿಂದ ಮರದ ಬೆಣೆ ತುರುಕುತ್ತೇನೆ. ಸೋಪಿನ ನೀರು ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಚಾಕುವಿಗಾದರೆ ಸರಿ, ಕರೆಂಟಿನ ಮೆಷಿನ್ನಿಗೆ ನೀರು ಯಾಕೆ? ನಾನು ಬ್ಲೇಡಿಗೆ ಮೇಣದಬತ್ತಿ ಉಜ್ಜುತ್ತೇನೆ.

ಇನ್ನು ದೂರುಗಳು. ಬ್ಲೇಡು ಹಿಡಿಯುವ ಸ್ಪ್ರಿಂಗು ಒಂದೇ ವರ್ಷಕ್ಕೆ ಸಡಿಲವಾಯಿತು, ಈಗ ಪ್ರತಿ ಸಲ ಎಳೆದು ನೋಡಿಯೇ ಶುರು ಮಾಡುತ್ತೇನೆ. ರಬ್ಬರಿನ ಪುಡಿ ಗಾಳಿಯ ಕಿಂಡಿಗಳಲ್ಲಿ ಅಂಟಿಕೊಳ್ಳುತ್ತದೆ. ಪ್ಲಗ್ ತೆಗೆದು ಬ್ರಷ್ಷಿನಲ್ಲಿ ಉಜ್ಜಬೇಕು. ಅರ್ಧ ಗಂಟೆ ಹಿಡಿದರೆ ಕೈ ಜುಮ್ಮೆನ್ನುತ್ತದೆ.

ರಸ್ತೆಗೆ ತಾಗುವ ಭಾಗವನ್ನು ಆಂಗಲ್ ಗ್ರೈಂಡರಿನಲ್ಲಿ (ತಿರುಗುವ ತಟ್ಟೆಯಿಂದ ಕೊಯ್ಯುವ ಮೆಷಿನ್ನು) ಒಮ್ಮೆ ಪ್ರಯತ್ನಿಸಿದೆ. ಕಿಡಿ, ಕಪ್ಪು ಹೊಗೆ. ಮುಖಕ್ಕೆ ಮಾಸ್ಕ್ ಇತ್ತು, ಬಯಲಲ್ಲೇ ಇದ್ದೆ, ಆದರೂ ಅರ್ಧಕ್ಕೇ ಬಿಟ್ಟೆ. ರಬ್ಬರಿಗೆ ಬೆಂಕಿ ಹಿಡಿದರೆ ಸುಲಭಕ್ಕೆ ಆರುವುದಿಲ್ಲ. ಆ ಅರ್ಧ ಕೊಯ್ದ ಜಾಗದಿಂದ ಹೊರಬಂದ ತಂತಿ ಮರುದಿನ ಗ್ಲೌಸ್ ದಾಟಿ ಬೆರಳಿಗೆ ಚುಚ್ಚಿತು, ಟಿಟಿ ಇಂಜೆಕ್ಷನ್ ಆಯಿತು. ಅಂದಿನಿಂದ ತಂತಿ ಕೊಯ್ಯಬೇಕಾದ ಡಿಸೈನನ್ನೇ ಕೈಬಿಟ್ಟಿದ್ದೇನೆ.

ಐದಕ್ಕೆ ಮೂರೂವರೆ ಅಂಕ. ಕುಂಡ ಮಾಡಲು ಒಂದೆರಡು ಟೈರು ಮಾತ್ರ ಇದ್ದರೆ ಸುಮ್ನೆ ಮೆಷಿನ್ ಕೊಳ್ಳಬೇಡಿ. ಹರಿತವಾದ ಚಾಕು, ಸೋಪಿನ ನೀರು ಸಾಕು. ಚಾಕುವನ್ನು ಮೈಯಿಂದ ಆಚೆಗೆ ಎಳೆಯಿರಿ, ಅಷ್ಟೇ.