ಹಿಮದಲ್ಲಿ ಗಾಡಿ ನಿಂತರೆ ಮೊದಲು ಸೈಲೆನ್ಸರ್ ನೋಡಿ

ನಮ್ಮ ಡೊಂಬಿವಲಿಯಲ್ಲೇ ಈ ಸಲ ಮೂರು ನಾಲ್ಕು ಕನ್ನಡ ಮನೆಯವರು ಚಳಿಗಾಲಕ್ಕೆ ಮನಾಲಿ ಬುಕ್ ಮಾಡಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೋಗಬೇಡಿ ಅನ್ನುತ್ತಿಲ್ಲ. ಆದರೆ ಹೋಗುವ ಮುಂಚೆ ಇದನ್ನು ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ.

ನಾವು ಹೋಗಿದ್ದು ಜನವರಿಯಲ್ಲಿ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಅತ್ತೆ. ಅತ್ತೆ ಕುಂದಾಪುರದ ಕಡೆಯವರು, ಮದುವೆಯಾಗಿ ಬಂದ ಮೇಲೆ ಮುಂಬೈ ಬಿಟ್ಟು ಎಲ್ಲೂ ಇದ್ದವರಲ್ಲ. ಸಾಯೋದರೊಳಗೆ ಒಂದ್ಸಲ ಹಿಮ ಮುಟ್ಟಬೇಕು ಅಂತ ಅವರಿಗೆ ಆಸೆ. ಮುಂಬೈನಲ್ಲಿ ಇದುವರೆಗಿನ ದೊಡ್ಡ ಚಳಿ ಅಂದರೆ 1962ರ ಜನವರಿ 22ರ 7.4 ಡಿಗ್ರಿ. ನಮ್ಮಂಥವರಿಗೆ ಹಿಮ ಅಂದರೆ ಫೋಟೋದಲ್ಲಿ ನೋಡಿದ್ದು ಮಾತ್ರ. ಅದರಲ್ಲಿ ಹೇಗೆ ನಡೆಯಬೇಕು, ಗಾಡಿಯಲ್ಲಿ ಹೇಗೆ ಕೂರಬೇಕು, ಏನೂ ಗೊತ್ತಿರಲಿಲ್ಲ.

ಟೂರ್ ಏಜೆಂಟ್ "ಗಾಡಿಯಲ್ಲಿ ಚೈನ್ ಇರುತ್ತೆ, ಡ್ರೈವರ್ ಅನುಭವಸ್ಥ, ಟೆನ್ಷನ್ ಬೇಡ" ಅಂದಿದ್ದರು. ಚೈನ್ ಅಂದರೆ ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಸುತ್ತುವ ಕಬ್ಬಿಣದ ಸರಪಳಿ. ಬಂದಿದ್ದು ಬಯಲು ಸೀಮೆಯ ಪೆಟ್ರೋಲ್ ಟ್ಯಾಕ್ಸಿ. ಡ್ರೈವರ್ ಹುಡುಗ ಒಳ್ಳೆಯವನೇ. ಆದರೆ ಅವನಿಗೂ ಅದು ಹಿಮದಲ್ಲಿ ಎರಡನೇ ಸಲ. ಡಿಕ್ಕಿಯಲ್ಲಿ ಚೈನ್ ಇರಲೇ ಇಲ್ಲ. ನಾವು ತೆಗೆಸಿ ನೋಡಲಿಲ್ಲ. ಅದು ನಮ್ಮ ಮೊದಲ ತಪ್ಪು.

ಬೆಳಿಗ್ಗೆ ಬಿಸಿಲಿತ್ತು. ದಾರಿಯಲ್ಲಿ ಬಾಡಿಗೆಗೆ ಗಂಬೂಟು, ದಪ್ಪ ಕೋಟು ತಗೊಂಡು ಅಟಲ್ ಸುರಂಗ ದಾಟಿ ಆ ಕಡೆಯ ಸಿಸ್ಸು ಅನ್ನುವ ಊರಿಗೆ ಹೋದೆವು. ಸುರಂಗ 9.02 ಕಿಲೋಮೀಟರ್ ಉದ್ದ, 2020ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಅದು ಬಂದ ಮೇಲೆ ರೋಹ್ತಾಂಗ್ ಪಾಸ್ ಅನ್ನುವ ಎತ್ತರದ ಘಾಟಿ ಹತ್ತದೇ ಆ ಕಡೆ ಹೋಗಬಹುದು. ಆದರೆ ಜನ ಒಂದು ಮರೆಯುತ್ತಾರೆ. ಸುರಂಗದ ಒಳಗೆ ಹಿಮ ಇಲ್ಲ, ನಿಜ. ಅದರ ಬಾಯಿ ಇರುವುದು ಮೂರು ಸಾವಿರ ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಅಲ್ಲಿಂದ ಮನಾಲಿಯವರೆಗೆ ಇಳಿಜಾರು, ತಿರುವು, ಎಲ್ಲಾ ಬಯಲಲ್ಲೇ.

ಮಧ್ಯಾಹ್ನ ಮೋಡ ಮುಚ್ಚಿತು. ಅತ್ತೆ ಅಂಗೈಯಲ್ಲಿ ಹಿಮ ಹಿಡಿದು ನಿಂತಿದ್ದರು, ಕಣ್ಣಲ್ಲಿ ನೀರು. ಇನ್ನೊಂದು ಅರ್ಧ ಗಂಟೆ ಇರೋಣ ಅಂತ ನಾನೇ ಅಂದೆ. ಹೊರಟು ಸುರಂಗದಿಂದ ಈಚೆ ಬರುವಾಗ ಗಾಳಿಗೆ ಹಿಮ ಅಡ್ಡಡ್ಡ ಹೊಡೆಯುತ್ತಿತ್ತು. ರಸ್ತೆ ಮೇಲೆ ಕೆಳಗೆ ಗಾಜಿನಂಥ ಐಸು, ಮೇಲೆ ಹೊಸ ಹಿಮ. ಅಲ್ಲಿನವರು ಆ ಐಸಿಗೆ ಪಾಲಾ ಅನ್ನುತ್ತಾರೆ. ಮೊದಲ ತಿರುವಲ್ಲೇ ನಮ್ಮ ಹುಡುಗ ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ, ಸುಮ್ನೆ ಪಕ್ಕಕ್ಕೆ ಜಾರಿತು. ಪುಣ್ಯಕ್ಕೆ ಬೆಟ್ಟದ ಕಡೆ ಜಾರಿತು. ಐಸ್ ಮೇಲೆ ಬ್ರೇಕ್ ಗಟ್ಟಿಯಾಗಿ ಒತ್ತಬಾರದು, ಒಂದನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಬೇಕು ಅಂತ ಆಮೇಲೆ ಗೊತ್ತಾಯಿತು. ಮುಂದೆ ಒಂದು ಗಾಡಿ ಅಡ್ಡ ನಿಂತಿತ್ತು. ಹಿಂದೆ ನೂರಾರು. ಆಗ ಸಂಜೆ ಐದು.

ನಿಜವಾದ ಅಪಾಯ ಅಲ್ಲಿಂದ ಶುರುವಾಯಿತು. ನಮಗೆ ಅದು ಅಪಾಯ ಅಂತಲೇ ಅನಿಸಲಿಲ್ಲ.

ಎಂಜಿನ್ ಓಡುತ್ತಿತ್ತು, ಹೀಟರ್ ಇತ್ತು. ಗ್ಲಾಸ್ ಎಲ್ಲಾ ಏರಿಸಿ, ಸಂದಿಗೆ ಶಾಲು ತುರುಕಿ ಕೂತೆವು. ಒಳಗೆ ಬೆಚ್ಚಗಿತ್ತು. ಚಕ್ಕುಲಿ ತಿಂದೆವು. ಏಳೂವರೆ ಹೊತ್ತಿಗೆ ಅತ್ತೆಗೆ ತಲೆನೋವು. ಎತ್ತರಕ್ಕೆ ಹಾಗಾಗುತ್ತೆ ಅಂದುಕೊಂಡು ಮಾತ್ರೆ ಕೊಟ್ಟೆ. ಆಮೇಲೆ ಮಗಳು ವಾಂತಿ ಮಾಡಿದಳು. ನನಗೂ ಹಣೆ ಬಿಗಿದ ಹಾಗೆ. ಯಜಮಾನರು ಕೋವಿಡ್ ಕಾಲದ ಆಕ್ಸಿಮೀಟರ್ ತಂದಿದ್ದರು. ಅತ್ತೆಯ ಬೆರಳಿಗೆ ಹಾಕಿದರು. 97 ತೋರಿಸಿತು. ಆಕ್ಸಿಜನ್ ಸರಿ ಇದೆ, ಮಲಗಿ ಅಮ್ಮ ಅಂದರು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಮಂಪರು. ಮಗಳು ಕರೆದರೂ ಓಗೊಡಲಿಲ್ಲ. ಸುಸ್ತಾಗಿ ಮಲಗಿದ್ದಾಳೆ ಅಂತ ನಾನೂ ಕಣ್ಣು ಮುಚ್ಚಿದೆ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಯಾರೋ ಗ್ಲಾಸ್ ಬಡಿದರು. ಹಿಂದಿನ ಜೀಪಿನ ಡ್ರೈವರ್, ಅಲ್ಲಿಯ ಮನುಷ್ಯ. ಗಾಡಿ ಬಂದ್ ಮಾಡಿ, ಬಾಗಿಲು ತೆಗೀರಿ ಅಂತ ಹಿಂದಿಯಲ್ಲಿ ಕೂಗುತ್ತಿದ್ದರು. ಅವರೇ ಬಾಗಿಲು ಎಳೆದು ಮಗಳನ್ನು ಎತ್ತಿ ಹೊರಗೆ ತಂದರು. ನಮ್ಮ ಗಾಡಿಯ ಹಿಂದೆ ಬಂಪರ್‌ವರೆಗೆ ಹಿಮ ತುಂಬಿತ್ತು. ಸೈಲೆನ್ಸರ್ ಪೂರ್ತಿ ಮುಚ್ಚಿಹೋಗಿತ್ತು. ಹೊಗೆಗೆ ಹೊರಗೆ ಹೋಗಲು ದಾರಿ ಇಲ್ಲದೆ ಗಾಡಿಯ ಕೆಳಗಿನಿಂದ ಒಳಗೆ ಬರುತ್ತಿತ್ತು. ಅವರು ಸಲಿಕೆಯಲ್ಲಿ ಹಿಮ ತೆಗೆದರು. ಚಳಿ ಗಾಳಿ ಮುಖಕ್ಕೆ ಬಡಿದ ಮೇಲೆ ಮಗಳು ಅತ್ತಳು. ಆ ಅಳುವಿಗಿಂತ ಒಳ್ಳೆಯ ಸದ್ದು ನಾನು ಕೇಳಿಲ್ಲ.

ನಡುರಾತ್ರಿ ಪೊಲೀಸರು ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿಗಳಲ್ಲಿ ನಮ್ಮನ್ನು ಕೆಳಗೆ ಇಳಿಸಿದರು. ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕ್ಸಿಜನ್ ಹಾಕಿದರು. ಡಾಕ್ಟರು ಬಿಡಿಸಿ ಹೇಳಿದರು. ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಇದರ ವ್ಯತ್ಯಾಸ ತಿಳಿಯುವುದಿಲ್ಲ, ಅದನ್ನೂ ಆಕ್ಸಿಜನ್ ಅಂತಲೇ ಎಣಿಸಿ ಸರಿ ಇದೆ ಅಂತ ತೋರಿಸುತ್ತದೆ. ಆ 97 ನಂಬಿ ನಾವು ಮಲಗಿದ್ದೆವು. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕಂತೆ. ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರೆ ಒಂದೂವರೆ ಗಂಟೆ ಸಾಕು. ಅದಕ್ಕೇ ಹೊರಗೆ ಬಂದು ಹುಷಾರಾದೆವು ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಲೇಬೇಕು.

ಇದು ನಮ್ಮೊಬ್ಬರ ಕಥೆ ಅಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಕಾರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. 2024ರ ಡಿಸೆಂಬರ್‌ನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ಗಾಡಿ ನಿಂತುಹೋಗಿದ್ದವು. ಅಂಥ ಸಾಲಿನಲ್ಲಿ ನಮ್ಮ ಕಡೆಯವರು ಎಷ್ಟು ಜನ ಗ್ಲಾಸ್ ಏರಿಸಿ ಕೂತಿರುತ್ತಾರೋ ಅಂತ ನನಗೆ ಸಂಕಟ.

ಗಾಡಿ ನಿಂತರೆ ಏನು ಮಾಡಬೇಕು ಅಂತ ಆ ಜೀಪಿನವರೇ ಹೇಳಿಕೊಟ್ಟರು. ಎಂಜಿನ್ ಸತತ ಓಡಿಸಬೇಡಿ. ಗಂಟೆಗೆ ಹತ್ತು ನಿಮಿಷ ಸಾಕು. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೆಯಿರಿ. ಸಲಿಕೆ ಇಲ್ಲದಿದ್ದರೆ ಊಟದ ತಟ್ಟೆಯಾದರೂ ಸರಿ. ಗಾಳಿ ಬೀಸದ ಕಡೆಯ ಗ್ಲಾಸ್ ಒಂದೆರಡು ಬೆರಳಷ್ಟು ಇಳಿಸಿಡಿ. ಒಬ್ಬರಾದರೂ ಎದ್ದಿರಿ. ಉಳಿದ ಹೊತ್ತು ಕಂಬಳಿ, ಒಬ್ಬರ ಮೈಗೆ ಒಬ್ಬರ ಮೈ ಒತ್ತಿಕೊಂಡು ಕೂರುವುದು. ಎತ್ತರದ ತಲೆನೋವೋ ಗ್ಯಾಸಿನ ತಲೆನೋವೋ ಅಂತ ಅನುಮಾನ ಬಂದರೆ ಯೋಚನೆ ಮಾಡುತ್ತಾ ಕೂರಬೇಡಿ. ಗಾಡಿಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಶುರುವಾದರೆ ಗ್ಯಾಸ್ ಅಂತಲೇ ತಿಳಿದು ಎಂಜಿನ್ ಆಫ್ ಮಾಡಿ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಡಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ.

ಹಿಮ ಬೀಳುವ ಸೂಚನೆ ಇದ್ದ ದಿನ ಸುರಂಗದ ಕಡೆ ಹೋಗಲೇಬೇಡಿ. ಹೋಗುವುದಾದರೆ ಮನಾಲಿಯ ಫೋರ್ ಬೈ ಫೋರ್, ಮನಾಲಿಯ ಡ್ರೈವರ್. ಚೈನ್ ಕಣ್ಣಲ್ಲಿ ನೋಡಿ ಹತ್ತಿ.

ವಾಪಸ್ ಬಂದ ಮೇಲೆ ನಮ್ಮ ಬಿಲ್ಡಿಂಗಿನ ಬೆಳಗಾವಿಯ ಕಾಕಾಗೆ ಇದನ್ನೆಲ್ಲ ಹೇಳಿದೆ. ಅವರು ಸೈನ್ಯದಲ್ಲಿ ಲಡಾಖಿನ ದ್ರಾಸ್ ಕಡೆ ಚಳಿಗಾಲ ಕಳೆದವರು. ಅಲ್ಲಿ ಬುಖಾರಿ ಒಲೆ ಹಚ್ಚಿದ ಕೋಣೆಯಲ್ಲಿ ಗಾಳಿ ಕಿಂಡಿ ಮುಚ್ಚಿದ್ದರೆ ಹವಾಲ್ದಾರ್ ಎಬ್ಬಿಸಿ ಬೈಯುತ್ತಿದ್ದರಂತೆ. ಆಮೇಲೆ ಕಾಕಾ ಕೇಳಿದ್ದು, "ನಿಮ್ಮ ಬಾತ್‌ರೂಮಿನಾಗ ಗ್ಯಾಸ್ ಗೀಸರ್ ಐತಲ್ಲ, ಕಿಟಕಿ ತೆರದಿರತೈತೇನು?" ಅದೂ ಇದೇ ಗ್ಯಾಸ್. ಮುಂಬೈನಲ್ಲೇ ಇದರಿಂದ ಜೀವ ಹೋಗಿವೆ. ನಮ್ಮದರಲ್ಲಿ ಚಳಿ ಅಂತ ಕಿಟಕಿಗೆ ರಟ್ಟು ಹಚ್ಚಿದ್ದೆವು. ಅವತ್ತೇ ಕಿತ್ತು ಹಾಕಿದೆ.

ಎದುರು ಮನೆಯವರು ಮುಂದಿನ ವಾರ ಮನಾಲಿಗೆ ಹೊರಡುತ್ತಿದ್ದಾರೆ. ಅವರ ಬ್ಯಾಗಿಗೆ ಮಡಚುವ ಸಣ್ಣ ಸಲಿಕೆ ಒಂದನ್ನು ನಾನೇ ಹಾಕಿ ಬಂದಿದ್ದೇನೆ.