ಸೆಲ್ ಬದಲಿಸಿದರೂ ಟೈಮ್ ತಪ್ಪುತ್ತಿದೆಯೇ? ಮದ್ದುಗಳ ಹೋಲಿಕೆ

ದಾವಣಗೆರೆ ಮಂಡಿಪೇಟೆಯ ಅಂಗಡಿಗಳಲ್ಲಿ ಬಿಲ್ಲಿಂಗ್ ಕಂಪ್ಯೂಟರಿನ ಟೈಮ್ ತಪ್ಪಿತೆಂದರೆ ಮೊದಲು ಬೈಸಿಕೊಳ್ಳುವುದು ಮದರ್‌ಬೋರ್ಡಿನ ಸೆಲ್. ಅದು ತಪ್ಪಿತಸ್ಥ ಹೌದೋ ಅಲ್ಲವೋ ತಿಳಿಯಲು ಒಂದು ರಾತ್ರಿ ಸಾಕು. ಮೊಬೈಲ್ ನೋಡಿ ಟೈಮ್ ಸರಿಮಾಡಿ, ಗೋಡೆಯ ಸ್ವಿಚ್ಚನ್ನೂ ಆರಿಸಿ. ಬೆಳಿಗ್ಗೆ ವಿಂಡೋಸ್ ಏಳುವ ಮೊದಲೇ ಬಯೋಸ್‌ನಲ್ಲಿ, ಎಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆಯಲ್ಲಿ, ನೋಡಿ.

ತಾರೀಖು ಹಳೇ ವರ್ಷಕ್ಕೆ ಹಾರಿದ್ದರೆ ಸೆಲ್ಲೇ ಸತ್ತಿದೆ. ಈ ಸಿಆರ್ 2032 ಸೆಲ್ ಮೂರು ವೋಲ್ಟಿನದು, ಮಲ್ಟಿಮೀಟರ್ 2.7ಕ್ಕಿಂತ ಕೆಳಗೆ ತೋರಿಸಿದರೆ ಹೊಸದು ಹಾಕಿ, ಪ್ಲಸ್ ಗುರುತು ಮೇಲೆ. ಕರೆಂಟ್ ಇದ್ದಾಗ ಗಡಿಯಾರವನ್ನು ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ಸ್ಟ್ಯಾಂಡ್‌ಬೈ 5 ವೋಲ್ಟ್ ನಡೆಸುತ್ತದೆ. ರಾತ್ರಿ ಮೇನ್ ಆರಿಸುವ ಅಂಗಡಿಯಲ್ಲಿ ಸೆಲ್ ಬೇಗ ಬರಿದಾಗುವುದು ಅದಕ್ಕೇ.

ದಿನಕ್ಕೆ ಒಂದೆರಡು ಸೆಕೆಂಡ್ ಜಾರುತ್ತಿದ್ದರೆ ಮಾತ್ರ ಸೆಲ್ಲನ್ನು ಬಿಟ್ಟುಬಿಡಿ, ಅದು ಗಡಿಯಾರಕ್ಕೆ ತಾಳ ಹಾಕುವ ಹರಳಿನ (ಕ್ರಿಸ್ಟಲ್) ಗುಣ. 32,768 ಹರ್ಟ್ಸ್‌ನ ಹರಳು 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪಿದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ 50ರ ಮೇಲೆ. ಸುಮಾರು 25 ಡಿಗ್ರಿಯಿಂದ ಬಿಸಿಯತ್ತ ಸರಿದರೂ ತಂಪಿನತ್ತ ಸರಿದರೂ ಅದು ನಿಧಾನವೇ ಆಗುತ್ತದೆ. ಏಪ್ರಿಲ್‌ನಲ್ಲಿ ಕ್ಯಾಬಿನೆಟ್ ಒಳಗೆ 45 ಡಿಗ್ರಿ ಮುಟ್ಟಿದರೆ ದಿನಕ್ಕೆ ಇನ್ನೊಂದು ಸೆಕೆಂಡಿಗೂ ಮೀರಿ ಹಿಂದೆ ಬೀಳುತ್ತದೆ.

ಇದಕ್ಕೆ ವಿಂಡೋಸ್‌ನ ಇಂಟರ್ನೆಟ್ ಟೈಮ್ ಸುಲಭದ ದಾರಿ, ಆದರೆ ಸೋಮಾರಿ. ಹಳೆಯ ಆವೃತ್ತಿಗಳು ಸರ್ವರನ್ನು ಕೇಳುವುದು ವಾರಕ್ಕೊಮ್ಮೆ. ಜೊತೆಗೆ, ತಪ್ಪು 15 ಗಂಟೆ ದಾಟಿದರೆ ಡೊಮೇನ್‌ಗೆ (ಕೇಂದ್ರ ಸರ್ವರ್ ನಡೆಸುವ ಕಚೇರಿ ಜಾಲ) ಸೇರದ ಯಂತ್ರ ಸಾಮಾನ್ಯವಾಗಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಸೆಲ್ ಸತ್ತ ಯಂತ್ರದಲ್ಲಿ ಮೊದಲು ತಾರೀಖನ್ನು ಕೈಯಿಂದಲೇ ಹಾಕಿ, ಆಮೇಲೆ ಸಿಂಕ್ ಒತ್ತಿ.

ಲಿನಕ್ಸ್ ಇದ್ದರೆ ಕ್ರೋನಿ ಎಂಬ ಟೈಮ್ ಸಿಂಕ್ ಪ್ರೋಗ್ರಾಮೇ ಮೇಲು, ಅದೂ ಪದೇಪದೇ ನೆಟ್ ಹೋಗುವ ಕಡೆ. ಹರಳು ಎಷ್ಟು ಓಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನು ಅಳೆದು ಡ್ರಿಫ್ಟ್ ಫೈಲಿನಲ್ಲಿ ಬರೆದಿಟ್ಟುಕೊಂಡು, ನೆಟ್ ಇಲ್ಲದಾಗಲೂ ಅದೇ ಲೆಕ್ಕದಲ್ಲಿ ತಿದ್ದುತ್ತದೆ. ಹಲವು ಲಿನಕ್ಸ್‌ಗಳಲ್ಲಿ ಇದೇ ಕೆಲಸ ಮಾಡುವ ಸಿಸ್ಟಂಡಿಯ ಟೈಮ್‌ಸಿಂಕ್‌ಡಿ ಇಷ್ಟು ಜಾಣನಲ್ಲ.

ಇನ್ನೊಂದು ಮದ್ದು ಹೊರಗಿನಿಂದ ಜೋಡಿಸುವ ಗಡಿಯಾರ: ಡಿಎಸ್ 3231 ಮಾಡ್ಯೂಲ್ ತಾಪ ನೋಡಿ ತಾನೇ ಸರಿಪಡಿಸಿಕೊಳ್ಳುತ್ತದೆ. 40 ಡಿಗ್ರಿವರೆಗೆ 2 ಪಿಪಿಎಂ, ಎಂದರೆ ವರ್ಷಕ್ಕೆ ಒಂದು ನಿಮಿಷ. ನೆಟ್ ಇಲ್ಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಇದೇ ಸರಿ. ಸಾಮಾನ್ಯ ಪಿಸಿಗೆ ಜೋಡಿಸುವುದು ವ್ಯರ್ಥ ತಲೆನೋವು. ಈ ಗಡಿಯಾರವಿರುವ ಅಗ್ಗದ ಝಡ್‌ಎಸ್-042 ಬೋರ್ಡಿನಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಸಿಆರ್ 2032 ಚಾರ್ಜ್ ಮಾಡುವ ಸೆಲ್ ಅಲ್ಲ, ಆದ್ದರಿಂದ ಆ ಸರ್ಕ್ಯೂಟಿನ 200 ಓಮ್ ರೆಸಿಸ್ಟರ್ ಕಿತ್ತುಬಿಡಿ.

ಇನ್ನು ಸರಿಯಾಗಿ ಐದೂವರೆ ಗಂಟೆಯೇ ತಪ್ಪುತ್ತಿದ್ದರೆ ಸೆಲ್ಲಿಗೂ ಹರಳಿಗೂ ಸಂಬಂಧವಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸ್ ಬಯೋಸ್ ಟೈಮನ್ನು ಭಾರತದ ಸಮಯವೆಂದೂ ಲಿನಕ್ಸ್ ಅದನ್ನೇ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಎಂದೂ ಓದುತ್ತಿವೆ.