ಮುಚ್ಚಿದ ಕೋಣೆಯ ಗಾಳಿ: ಏರ್ ಪ್ಯೂರಿಫೈಯರ್ ಜೊತೆ ಎಂಟು ತಿಂಗಳು

ಮುಖ್ಯರಸ್ತೆಗೆ ಮುಖ ಮಾಡಿರುವ ನಮ್ಮ ಮನೆಯ ಮಲಗುವ ಕೋಣೆಗೆ ಏರ್ ಪ್ಯೂರಿಫೈಯರ್ ತಂದು ಎಂಟು ತಿಂಗಳಾಯಿತು. ಮಗಳಿಗೆ ಆಸ್ತಮಾ ಇರುವುದರಿಂದ ತಂದದ್ದು. ಇಷ್ಟು ದಿನ ಬಳಸಿದ ಮೇಲೆ ನನಗನ್ನಿಸುವುದೇನೆಂದರೆ, ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ಅದರ ಫಲ ಬಾಗಿಲು ಮುಚ್ಚಿಕೊಂಡು ಒಳಗೆ ಕೂರುವ ಅನುಕೂಲವಿದ್ದವರಿಗೆ ಮಾತ್ರ ಸಿಗುತ್ತದೆ.

ಇದರಲ್ಲಿರುವುದು ಹೆಪಾ ಫಿಲ್ಟರ್. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕೆಂಬುದು ಆ ಹೆಸರಿನ ಹಿಂದಿರುವ ಮಾನದಂಡ. ಹೆಚ್ಚುಕಡಿಮೆ ಆ ಗಾತ್ರದ ಕಣಗಳೇ ಹಿಡಿಯಲು ಅತಿ ಕಷ್ಟದವು, ಅವಕ್ಕಿಂತ ದೊಡ್ಡವೂ ಚಿಕ್ಕವೂ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಕಿಟಕಿ ಮುಚ್ಚಿ ಚಾಲೂ ಮಾಡಿದರೆ ಪರದೆಯ ಮೇಲಿನ ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳ ಪ್ರಮಾಣ) ಅಂಕಿ ಅರ್ಧ ಗಂಟೆಯಲ್ಲಿ 80ರಿಂದ 10ರ ಆಸುಪಾಸಿಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಈ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ಮಗಳ ರಾತ್ರಿಯ ಕೆಮ್ಮು ಕಡಿಮೆಯಾಗಿದೆ, ಆದರೆ ವೈದ್ಯರು ಕೊಟ್ಟ ಇನ್‌ಹೇಲರ್ ಬಿಟ್ಟಿಲ್ಲ, ಬಿಡಲೂಬಾರದು.

ಕೊರತೆಗಳೂ ಇವೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಹೆಪಾ ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಪದರ ಬೇಕು, ಇದರಲ್ಲಿರುವ ಪದರವೋ ತೀರಾ ತೆಳು. ಸೆನ್ಸರ್ ತೇವಾಂಶಕ್ಕೂ ಮೋಸಹೋಗಿ ಮಂಜು ಕವಿದ ಬೆಳಗಿನಲ್ಲಿ ಸುಮ್ಮಸುಮ್ಮನೆ ಕೆಂಪಾಗುತ್ತದೆ. ಕೊಳ್ಳುವವರು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆಂಬ ಅಂಕಿಯನ್ನು ಕೋಣೆಯ ಅಳತೆಯೊಂದಿಗೆ ತಾಳೆ ನೋಡಿಕೊಳ್ಳಲಿ. ಗಾಳಿಗೆ ವಿದ್ಯುದಾವೇಶ ಕೊಟ್ಟು ಕಣಗಳನ್ನು ಕೆಳಗೆ ಕೂರಿಸುವ, ಆದರೆ ಉಸಿರಾಟಕ್ಕೆ ಹಾನಿಕರವಾದ ಓಝೋನ್ ಹೊರಸೂಸುವ ಅಯಾನೈಸರ್ ಮಾದರಿಗಳಂತೂ ಬೇಡವೇ ಬೇಡ.

ಇನ್ನು ಬಾಗಿಲಿನ ವಿಚಾರ. ಪಾರ್ಸೆಲ್ ತರುವ ಹುಡುಗ ಗಂಟೆ ಒತ್ತಿದಾಗ ಬಾಗಿಲು ತೆರೆದು ಒಂದೆರಡು ನಿಮಿಷ ನಿಂತರೆ ಸಾಕು, ಅಂಕಿ 12ರಿಂದ 50 ದಾಟುತ್ತದೆ, ಯಂತ್ರ ಗಾಬರಿಬಿದ್ದಂತೆ ಸದ್ದು ಮಾಡುತ್ತದೆ. ನಮ್ಮನ್ನು ಎಚ್ಚರಿಸುವ ಆ ಗಾಳಿಯಲ್ಲೇ ಅವನ ಇಡೀ ದಿನ ಕಳೆಯುತ್ತದೆ. ರಸ್ತೆ ಗುಡಿಸುವವರು, ಸಿಗ್ನಲ್‌ನಲ್ಲಿ ನಿಲ್ಲುವ ಪೊಲೀಸರು, ಹೆದ್ದಾರಿಗೆ ಅಂಟಿಕೊಂಡ ಅಗ್ಗದ ಬಾಡಿಗೆಯ ಮನೆಗಳಲ್ಲಿರುವವರು, ಇವರೆಲ್ಲ ಹೆಚ್ಚು ಹೊಗೆ ಕುಡಿಯುವುದಷ್ಟೇ ಅಲ್ಲದೆ, ಕಾಯಿಲೆ ಬಿದ್ದರೆ ರಜೆಗೂ ಚಿಕಿತ್ಸೆಗೂ ಪರದಾಡುವವರೂ ಆಗಿರುತ್ತಾರೆ. ಲಂಡನ್ನಿನ ದಟ್ಟ ಸಂಚಾರದ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ ವಾಸವಿದ್ದ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ 2013ರಲ್ಲಿ, 9ನೇ ವಯಸ್ಸಿನಲ್ಲಿ, ತೀವ್ರ ಆಸ್ತಮಾದಿಂದ ತೀರಿಕೊಂಡಳು. ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ವಿಚಾರಣಾಧಿಕಾರಿ ದಾಖಲಿಸಿದ್ದು 2020ರಲ್ಲಿ, ತಾಯಿಯ ಹೋರಾಟದ ನಂತರ. ಮಗಳಿಗೆ ಆಸ್ತಮಾ ಇರುವ ಮನೆಯಲ್ಲಿ ಕೂತು ಇದನ್ನು ಓದುವುದು ಸುಲಭವಿರಲಿಲ್ಲ.

ನಾನು ಅಂಕ ಕಡಿಮೆ ಕೊಡುತ್ತಿರುವುದು ಮಾರಾಟಾನಂತರದ ಸೇವೆಗೆ. ಆರು ತಿಂಗಳಿಗೆ ಫಿಲ್ಟರ್ ಬದಲಿಸಲು ಬಂದ ತರುಣ ದ್ವಿಚಕ್ರ ವಾಹನದಲ್ಲಿ ಅಂದಿನ ಏಳನೇ ಮನೆಗೆ ಬಂದಿದ್ದ. ಬಿಳಿಯಾಗಿದ್ದ ಫಿಲ್ಟರ್‌ನ ಮಡಿಕೆ ಮಡಿಕೆಯಲ್ಲೂ ಕಾಡಿಗೆ ಸವರಿದಂತೆ ಕಪ್ಪು ಕೂತಿತ್ತು. ಅದನ್ನು ಬರಿಗೈಯಲ್ಲಿ ಎಳೆದು, ಒಳಗೆ ಉದುರಿದ್ದ ಧೂಳನ್ನು ಬಾಯಿಂದ ಊದಿ ತೆಗೆದ. ಹಳೆಯ ಫಿಲ್ಟರ್ ಮುಟ್ಟುವಾಗ ಕೈಗವಸು, ಮಾಸ್ಕ್ ಧರಿಸಬೇಕೆಂದು ಕೈಪಿಡಿಯಲ್ಲೇ ಅಚ್ಚಾಗಿದೆಯಲ್ಲ ಎಂದು ಕೇಳಿದೆ. “ಅದು ಗ್ರಾಹಕರಿಗೆ ಸರ್, ನಮಗೆ ಕೊಡೋಲ್ಲ” ಎಂದ. ನಮ್ಮ ಮನೆಯಲ್ಲಿದ್ದ ಒಂದು ಮಾಸ್ಕ್ ಕೊಟ್ಟೆ; ಮಡಚಿ ಜೇಬಿಗಿಟ್ಟುಕೊಂಡ.

ಈ ಬಗ್ಗೆ ಕಂಪನಿಗೆ ಎರಡು ಬಾರಿ ಬರೆದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂದದ್ದು, ಮುಂದಿನ ಫಿಲ್ಟರ್ ಮೇಲೆ ರಿಯಾಯಿತಿಯ ಕೂಪನ್.